ಅಪ್‌ಡೇಟ್: ‘ಇನ್‌ಕ್ರೀಸ್’ ಆದಮೇಲೆ ‘ಇನ್’ ಬರುತ್ತೋ, ‘ಆಫ್’ ಬರುತ್ತೋ?

ಉತ್ತರ ಬರೆದ ಎಲ್ಲರಿಗೂ ಧನ್ಯವಾದ. ಇಂಗ್ಲಿಷ್ ವರದಿಯೊಂದರಲ್ಲಿ ‘ಇನ್‌ಕ್ರೀಸ್’ (ಹೆಚ್ಚಳ) ಎಂಬ ನಾಮಪದದ ನಂತರ ಯಾವ ಪ್ರಿಪೊಸಿಷನ್ (‘ಇನ್’, ‘ಆಫ್’ನಂಥ ಸಂಬಂಧ ತೋರಿಸುವ ಪದ) ಹಾಕಬೇಕು ಅಂತ ಕೇಳಿದ್ದೆ. ಈಗ ಸ್ಪಷ್ಟವಾಗಿದೆ: ಎರಡೂ ಸರಿ, ಆದರೆ ಕೆಲಸ ಬೇರೆ ಬೇರೆ.

ಏನು ಹೆಚ್ಚಾಯಿತು ಎಂದು ಹೇಳಲು ‘ಇನ್’: ‘ಆ್ಯನ್ ಇನ್‌ಕ್ರೀಸ್ ಇನ್ ಸೇಲ್ಸ್’. ಎಷ್ಟು ಹೆಚ್ಚಾಯಿತು ಎಂದು ಹೇಳಲು ‘ಆಫ್’: ‘ಆ್ಯನ್ ಇನ್‌ಕ್ರೀಸ್ ಆಫ್ ಟೆನ್ ಪರ್ಸೆಂಟ್’. ಎರಡನ್ನೂ ಒಟ್ಟಿಗೆ ಹೇಳಬೇಕಾದರೆ ‘ಎ ಟೆನ್ ಪರ್ಸೆಂಟ್ ಇನ್‌ಕ್ರೀಸ್ ಇನ್ ಸೇಲ್ಸ್’ ಅನ್ನೋದೇ ನನಗೆ ಹಗುರ ಅನ್ನಿಸಿತು, ಅದನ್ನೇ ಬಳಸಿದೆ. ‘ರೈಸ್’, ‘ಫಾಲ್’, ‘ಡ್ರಾಪ್’, ‘ರಿಡಕ್ಷನ್’ಗಳಿಗೂ ಇದೇ ಕ್ರಮ.

ಒಬ್ಬರು ಎತ್ತಿದ ‘ಬೈ’ ವಿಚಾರ ತುಂಬ ಉಪಯೋಗಕ್ಕೆ ಬಂತು. ‘ಇನ್‌ಕ್ರೀಸ್’ ಕ್ರಿಯಾಪದವಾದರೆ ಪ್ರಮಾಣದ ಮುಂಚೆ ‘ಬೈ’ ಬರುತ್ತದೆ: ‘ಸೇಲ್ಸ್ ಇನ್‌ಕ್ರೀಸ್ಡ್ ಬೈ ಟೆನ್ ಪರ್ಸೆಂಟ್’. ಗೊಂದಲದ ಬೇರು ಇಲ್ಲೇ ಇದೆ ಅಂತ ನನ್ನ ಅಭಿಪ್ರಾಯ. ‘ಡಿಸ್ಕಸ್’ ಕೂಡ ಹಾಗೇ, ಕ್ರಿಯಾಪದಕ್ಕೆ ‘ಅಬೌಟ್’ ಬೇಡ, ‘ಡಿಸ್ಕಷನ್’ ಎಂಬ ನಾಮಪದದ ಜೊತೆ ಬರುತ್ತದೆ. ಎರಡೂ ‘ಕಾರಣ’ ಎಂದೇ ಅರ್ಥ ಕೊಡುವ ‘ರೀಸನ್ ಫಾರ್’, ‘ಕಾಸ್ ಆಫ್’ ಜೋಡಿಗೆ ಮಾತ್ರ ಯಾವ ಸೂತ್ರವೂ ಸಿಗಲಿಲ್ಲ, ನೆನಪಿಟ್ಟುಕೊಳ್ಳುತ್ತೇನೆ.

ಇನ್ನು ಹೊಸ ನಾಮಪದ ಕಲಿತಾಗಲೆಲ್ಲ ಅದರ ಪ್ರಿಪೊಸಿಷನ್ ಸಮೇತವೇ ಬರೆದಿಟ್ಟುಕೊಳ್ಳುತ್ತೇನೆ.