ಐದು ವರ್ಷ ತುಂಬೋಕೆ ಐದೇ ತಿಂಗಳು, ಕೈಯಲ್ಲಿ ಹೊಸ ಆಫರ್: ಈಗಲೇ ಬಿಡಲೇ, ತಡೆಯಲೇ?

ಪ್ರಶ್ನೆ

ಖಾಸಗಿ ಕಂಪನಿಯಲ್ಲಿ 4 ವರ್ಷ 7 ತಿಂಗಳಾಯ್ತು. ಇದೇ ಮೊದಲ ಕೆಲಸ, ವಾರಕ್ಕೆ ಐದು ದಿನ. ಬೇಸಿಕ್ (ಮೂಲ ವೇತನ) ತಿಂಗಳಿಗೆ 40,000, ಸಿಟಿಸಿ (ಕಂಪನಿ ನನಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) 11 ಲಕ್ಷ. ಇದೇ ಕ್ಷೇತ್ರದ ಇನ್ನೊಂದು ಕಂಪನಿ 14.5 ಲಕ್ಷ ಕೊಡ್ತೀವಿ ಅಂದಿದೆ. ಇಲ್ಲಿ ನೋಟಿಸ್ 90 ದಿನ, ಅವರಿಗೆ 30 ದಿನದಲ್ಲಿ ಬೇಕಂತೆ. ಬೈಔಟ್ ಹಣ (ಉಳಿದ ನೋಟಿಸ್ ದಿನಗಳ ಬದಲು ಹಳೆಯ ಕಂಪನಿಗೆ ಕಟ್ಟೋದು) ನಾವೇ ಕೊಡ್ತೀವಿ ಅಂತಿದ್ದಾರೆ. ಅಪ್ಪ ಅಮ್ಮ ಕಂಪನಿಯ ಆರೋಗ್ಯ ವಿಮೆಯಲ್ಲಿದ್ದಾರೆ. ‘ಬಿಟ್ಟ ಮೇಲೆ ಒಂದು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರಬಾರದು’ ಅಂತ ನೇಮಕಾತಿ ಪತ್ರದಲ್ಲಿದೆ. ಬಿಡೋದಾದರೆ ಯಾವಾಗ ಬಿಡಬೇಕು? ಪಿಎಫ್ ತೆಗೆಯಬೇಕೋ, ವರ್ಗಾಯಿಸಬೇಕೋ? ತಿಳಿದವರು ಹೇಳಿ.

ಸಂಬಳದ ಲೆಕ್ಕ ನೋಡುವವರು

ಮೊದಲು ಆ 14.5 ಲಕ್ಷವನ್ನು ಬಿಡಿಸಿ ನೋಡಿ. ಸಿಟಿಸಿಗೆ ಸಿಟಿಸಿ ಹೋಲಿಸಿದರೆ 32% ಏರಿಕೆ ಅನ್ನಿಸುತ್ತದೆ. ತಿಂಗಳ ಕೈಸಂಬಳ ಹೋಲಿಸಿದಾಗ ಚಿತ್ರವೇ ಬೇರೆ.

ನೀವು ಸಂಬಳದ ಬ್ರೇಕಪ್ (ಬಿಡಿ ವಿವರ) ಕೊಟ್ಟಿಲ್ಲ, ಹಾಗಾಗಿ ಸಾಮಾನ್ಯವಾಗಿ ಬರುವ ಒಂದು ಮಾದರಿ ಇಟ್ಟುಕೊಂಡು ಹೇಳುತ್ತೇನೆ. ಹೊಸ ಆಫರ್‌ನಲ್ಲಿ ಬೇಸಿಕ್ 50,000, ವೇರಿಯಬಲ್ (ಸಾಧನೆ ನೋಡಿ ಕೊಡುವ ಭಾಗ) 2 ಲಕ್ಷ, ಜಾಯ್ನಿಂಗ್ ಬೋನಸ್ 1 ಲಕ್ಷ ಅಂದುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ 12% ಅಂದರೆ ವರ್ಷಕ್ಕೆ 72,000. ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಕಂಪನಿ ಕೊಡುವ ಹಣ) ಅಂತ ಬೇಸಿಕ್‌ನ 4.81% ಸೇರಿಸಿರುತ್ತಾರೆ, ಅದು 28,860. ವಿಮೆಯ ಕಂತು 15,000. ಇಷ್ಟನ್ನೂ ಕಳೆದರೆ ಉಳಿಯೋದು 10,34,140, ತಿಂಗಳಿಗೆ 86,178. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 6,000 ಹೋದರೆ 80,178.

ಈಗಿನ 11 ಲಕ್ಷಕ್ಕೂ ಇದೇ ಲೆಕ್ಕ ಹಾಕಿ. ವೇರಿಯಬಲ್ 60,000, ಕಂಪನಿ ಪಿಎಫ್ 57,600, ಗ್ರಾಚ್ಯುಟಿ 23,088, ವಿಮೆ 10,000 ತೆಗೆದರೆ ತಿಂಗಳಿಗೆ 79,109. ನಿಮ್ಮ ಪಿಎಫ್ 4,800 ಕಳೆದು 74,309. ತೆರಿಗೆಗೆ ಮುಂಚೆ ವ್ಯತ್ಯಾಸ 5,869 ರೂಪಾಯಿ, ಸುಮಾರು 8%.

ಪಿಎಫ್‌ಗೆ ಹೆಚ್ಚಾಗಿ ಹೋಗೋದು ನಿಮ್ಮದೇ ದುಡ್ಡು, ಅದು ನಷ್ಟವಲ್ಲ. ವೇರಿಯಬಲ್ ಪೂರ್ತಿ ಬಂದರೆ ಅಂತರವೂ ಹಿಗ್ಗುತ್ತದೆ. ಆದರೆ ಬರುತ್ತದೆಯೇ? ಆ ತಂಡಕ್ಕೆ ಕಳೆದ ಎರಡು ವರ್ಷ ಎಷ್ಟು ಶೇಕಡಾ ಕೊಟ್ಟರು ಅಂತ ನೇರವಾಗಿ ಕೇಳಿ. ಕಂಪನಿಯ ಒಟ್ಟು ಸರಾಸರಿ ಹೇಳಿ ಜಾರಿಕೊಂಡರೆ ಅದರ ಅರ್ಧವನ್ನೇ ಲೆಕ್ಕಕ್ಕೆ ಹಿಡಿಯಿರಿ. ಜಾಯ್ನಿಂಗ್ ಬೋನಸ್ ಒಂದೇ ಸಲದ್ದು, ಎರಡನೇ ವರ್ಷದ ಸಂಬಳದಲ್ಲಿ ಅದು ಇರೋದಿಲ್ಲ. ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕೆಂಬ ಷರತ್ತೂ ಇರುತ್ತದೆ. ಆ ಷರತ್ತಿನಲ್ಲಿ ತೆರಿಗೆ ಕಳೆಯುವ ಮುಂಚಿನ ಮೊತ್ತ ಅಂತಿದೆಯೋ, ಕೈಗೆ ಬಂದ ಮೊತ್ತ ಅಂತಿದೆಯೋ ನೋಡಿ. ಮೊದಲನೆಯದಾದರೆ ಕೈಗೆ ಸಿಗದ ದುಡ್ಡನ್ನೂ ಕಟ್ಟಬೇಕಾಗುತ್ತದೆ.

ಎಚ್‌ಆರ್‌ನಲ್ಲಿರುವವರು

ನಿಮ್ಮ ವಿಷಯದಲ್ಲಿ ಎಲ್ಲವೂ ನಿಂತಿರೋದು ಬಿಡುವ ತಾರೀಖಿನ ಮೇಲೆ. ಬೈಔಟ್ ಒಪ್ಪುವ ಮುಂಚೆ ಗ್ರಾಚ್ಯುಟಿ ಲೆಕ್ಕ ಮಾಡಿ.

ಸೂತ್ರ ಸುಲಭ: ಕೊನೆಯ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ; ಹೊಸ ಕಾರ್ಮಿಕ ಸಂಹಿತೆಯಂತೆ ಉಳಿದ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದ ಭಾಗವೂ ಸೇರುತ್ತದೆ), ಗುಣಿಸು 15, ಭಾಗಿಸು 26, ಗುಣಿಸು ವರ್ಷ. ಆರು ತಿಂಗಳು ದಾಟಿದ ಭಾಗವನ್ನು ಪೂರ್ತಿ ವರ್ಷ ಅಂತ ಹಿಡಿಯುತ್ತಾರೆ. ನಿಮಗೆ ಕನಿಷ್ಠ 40,000 × 15 ÷ 26 × 5, ಅಂದರೆ 1,15,385 ರೂಪಾಯಿ. ಮೇಲಿನವರು ಹೇಳಿದ 5,869ರ ಲೆಕ್ಕದಲ್ಲಿ ಇದು ಸುಮಾರು ಇಪ್ಪತ್ತು ತಿಂಗಳ ಏರಿಕೆಗೆ ಸಮ.

ಹಕ್ಕು ಬರಲು ಐದು ವರ್ಷ ಬೇಕು. ಕೆಲಸದ ವಾರ ಆರು ದಿನಕ್ಕಿಂತ ಕಡಿಮೆ ಇರುವಲ್ಲಿ ವರ್ಷದಲ್ಲಿ 190 ದಿನ, ಉಳಿದ ಕಡೆ 240 ದಿನ ಕೆಲಸ ಮಾಡಿದ್ದರೆ ಅದನ್ನು ಒಂದು ವರ್ಷದ ನಿರಂತರ ಸೇವೆ ಅಂತ ಕಾನೂನು ಪರಿಗಣಿಸುತ್ತದೆ. ಇದರ ಆಧಾರದ ಮೇಲೆ ಐದನೇ ವರ್ಷದಲ್ಲೂ ಅಷ್ಟು ದಿನ ಆದರೆ ಸಾಕು ಅಂತ ಮದ್ರಾಸ್ ಹೈಕೋರ್ಟ್ ಹೇಳಿದೆ. ಎಷ್ಟೋ ಕಂಪನಿಗಳು ಹಾಗೇ ಕೊಡುತ್ತವೆ. ‘ಐದು ಪೂರ್ತಿ ಆಗಲಿ’ ಅಂತ ಪಟ್ಟು ಹಿಡಿಯುವವರೂ ಇದ್ದಾರೆ.

ನೋಟಿಸ್ ಅವಧಿ ಸೇವೆಯೊಳಗೇ ಬರುತ್ತದೆ, ಬೈಔಟ್ ಮಾಡಿದ ದಿನಗಳು ಬರೋದಿಲ್ಲ. 30 ದಿನಕ್ಕೆ ಹೊರಟರೆ ನಿಮ್ಮ ಸೇವೆ 4 ವರ್ಷ 8 ತಿಂಗಳು. ಐದನೇ ವರ್ಷದಲ್ಲಿ ಬರೀ ಕೆಲಸದ ದಿನ ಎಣಿಸಿದರೆ 170ರ ಆಸುಪಾಸು, ಅಂದರೆ 190 ಮುಟ್ಟೋದಿಲ್ಲ. 90 ದಿನ ಪೂರ್ತಿ ಮಾಡಿದರೆ 4 ವರ್ಷ 10 ತಿಂಗಳು, ಹಬ್ಬದ ರಜೆ ಕಳೆದರೂ 200 ದಾಟುತ್ತದೆ. ನೀವು ಗಳಿಸಿದ ರಜೆಯನ್ನು ಸಂಬಳ ಸಹಿತ ತೆಗೆದುಕೊಂಡಿದ್ದರೆ ಆ ದಿನಗಳೂ ಲೆಕ್ಕಕ್ಕೆ ಸೇರುತ್ತವೆ. ಸಂಬಳವಿಲ್ಲದ ರಜೆಯನ್ನು ಸೇರಿಸಿಕೊಂಡು ಕೂರಬೇಡಿ.

ಹಾಗಾಗಿ ನಿಮ್ಮ ಮುಂದೆ ಮೂರು ದಾರಿ ಇದೆ. ಹೊಸಬರ ಹತ್ತಿರ ಐದು ತಿಂಗಳು ಕೇಳಿ ಐದು ವರ್ಷ ತುಂಬಿಸೋದು ಅತ್ಯಂತ ಭದ್ರ, ಆದರೆ ಅವರು ಒಪ್ಪೋದು ಕಷ್ಟ. 90 ದಿನ ಪೂರ್ತಿ ಮಾಡಿ 190 ದಿನದ ವಾದ ಮುಂದಿಡೋದು ನಡುವಿನದು. 30 ದಿನದಲ್ಲೇ ಹೊರಟು, ಕೈತಪ್ಪುವ 1,15,385ನ್ನು ಜಾಯ್ನಿಂಗ್ ಬೋನಸ್‌ಗೆ ಸೇರಿಸಿ ಅಂತ ಕೇಳೋದು ಮೂರನೆಯದು. ‘ನಿಮಗೆ ಬೇಗ ಬೇಕು ಅಂತಲೇ ನನಗೆ ಈ ನಷ್ಟ ಆಗ್ತಿದೆ’ ಅಂತ ಲೆಕ್ಕ ಮುಂದಿಟ್ಟರೆ ನೇಮಕ ಮಾಡುವವರಿಗೆ ಮೇಲಿನವರ ಒಪ್ಪಿಗೆ ಪಡೆಯೋದು ಸುಲಭವಾಗುತ್ತದೆ. ಸುಮ್ಮನೆ ಇನ್ನೊಂದು ಲಕ್ಷ ಕೊಡಿ ಅಂದರೆ ಚೌಕಾಸಿ ಶುರುವಾಗುತ್ತದೆ, ಅಷ್ಟೇ.

ಇನ್ನೊಂದು ಎಚ್ಚರಿಕೆ. ಐದು ತಿಂಗಳು ಮುಂಚೆಯೇ ರಾಜೀನಾಮೆ ಕೊಟ್ಟು ‘ಇಂಥ ದಿನ ಬಿಡ್ತೀನಿ’ ಅನ್ನಬೇಡಿ. ಕಂಪನಿ ಇಚ್ಛೆಪಟ್ಟರೆ ಮೊದಲೇ ಬಿಡುಗಡೆ ಮಾಡಬಹುದು ಎಂಬ ಸಾಲು ಬಹಳ ನೇಮಕಾತಿ ಪತ್ರಗಳಲ್ಲಿ ಇರುತ್ತದೆ.

ಮೇಲಿನದಕ್ಕೆ ಸೇರಿಸಿ, ಲೆಕ್ಕಪರಿಶೋಧಕರು

ಬೈಔಟ್ ‘ನಾವೇ ಕೊಡ್ತೀವಿ’ ಅನ್ನೋದರಲ್ಲಿ ಎರಡು ಕೊಕ್ಕೆ ಇವೆ. ನಿಮ್ಮ ಕಂಪನಿ ಬೇಸಿಕ್ ಮೇಲೆ ಕಡಿತ ಮಾಡಿದರೆ 60 ದಿನಕ್ಕೆ 80,000, ಪೂರ್ತಿ ಸಂಬಳದ ಮೇಲೆ ಮಾಡಿದರೆ ಸುಮಾರು 1,58,000. ಯಾವುದು ಅಂತ ನೇಮಕಾತಿ ಪತ್ರದಲ್ಲಿ ಹುಡುಕಿ. ಎರಡನೆಯದು, ಹೊಸ ಕಂಪನಿ ಅದನ್ನು ಸಂಬಳದ ಜೊತೆ ಕೊಟ್ಟರೆ ತೆರಿಗೆ ಕಳೆದೇ ಕೊಡುತ್ತದೆ, ನಿಮ್ಮ ಕೈಯಿಂದ ಹೋದಷ್ಟು ವಾಪಸ್ ಬರೋದಿಲ್ಲ. ತೆರಿಗೆಯ ಭಾರವನ್ನೂ ಸೇರಿಸಿ ಕೊಡ್ತೀರಾ ಅಂತ ಕೇಳಿ, ಆಫರ್ ಪತ್ರದಲ್ಲಿ ಬರೆಸಿಕೊಳ್ಳಿ. ಹಳೆಯ ಕಂಪನಿ ನೋಟಿಸ್ ಹಣದ ಮೇಲೆ 18% ಜಿಎಸ್‌ಟಿ ಹಾಕಿದರೆ ಒಪ್ಪಬೇಡಿ. ಅದಕ್ಕೆ ಜಿಎಸ್‌ಟಿ ಬರೋದಿಲ್ಲ ಅಂತ 2022ರ ಆಗಸ್ಟ್‌ನಲ್ಲೇ ಕೇಂದ್ರದ ಸುತ್ತೋಲೆ ಬಂದಿದೆ.

ಆರ್ಥಿಕ ವರ್ಷದ ಮಧ್ಯೆ ಹೋಗ್ತಿದ್ದರೆ ಹಳೆಯ ಕಂಪನಿಯ ಸಂಬಳ ಮತ್ತು ಕಡಿತವಾದ ತೆರಿಗೆಯ ವಿವರವನ್ನು ಹೊಸ ಕಂಪನಿಗೆ ಸೇರಿದ ತಿಂಗಳೇ ಕೊಡಿ. ಕೊಡದಿದ್ದರೆ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕಕ್ಕೆ ಮುಂಚೆ ಸಂಬಳದಿಂದ ಕಳೆಯುವ ಮೊತ್ತ) ಮತ್ತು ಕೆಳಗಿನ ಹಂತದ ತೆರಿಗೆ ದರ ಎರಡೂ ಕಡೆ ಲೆಕ್ಕವಾಗುತ್ತವೆ. ಆಗ ತಿಂಗಳ ಕಡಿತ ಕಡಿಮೆ ಅನ್ನಿಸುತ್ತದೆ, ರಿಟರ್ನ್ಸ್ ಹಾಕುವಾಗ ಬಾಕಿ ತೆರಿಗೆಯೂ ಬಡ್ಡಿಯೂ ಒಟ್ಟಿಗೆ ಎದುರಾಗುತ್ತವೆ.

ಉಳಿದ ರಜೆಯ ಹಣಕ್ಕೆ ಕೆಲಸ ಬಿಡುವಾಗ ವಿನಾಯಿತಿ ಇದೆ (ಇಡೀ ವೃತ್ತಿಗೆ ಒಟ್ಟು ಮಿತಿ 25 ಲಕ್ಷ). ಕೆಲಸದಲ್ಲಿದ್ದಾಗಲೇ ನಗದು ಮಾಡಿಸಿಕೊಂಡರೆ ಇಲ್ಲ. ಹೊರಡುವ ಹಿಂದಿನ ತಿಂಗಳು ರಜೆ ಮಾರಿಕೊಳ್ಳಬೇಡಿ.

ಪಿಎಫ್ ಕೆಲಸ ನೋಡುವವರು

ತೆಗೆಯಬೇಡಿ, ವರ್ಗಾಯಿಸಿ. ಐದು ವರ್ಷದ ಸೇವೆ ತುಂಬುವ ಮುಂಚೆ ತೆಗೆದರೆ ತೆರಿಗೆ ಬೀಳುತ್ತದೆ. ಮೊತ್ತ 50,000 ಮುಟ್ಟಿದರೆ ಪ್ಯಾನ್ ಇದ್ದರೂ 10% ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಕಳೆಯುತ್ತಾರೆ. ವರ್ಗಾಯಿಸಿದರೆ ಹಳೆಯ ಸೇವೆಯೂ ಈ ಐದು ವರ್ಷದ ಲೆಕ್ಕಕ್ಕೆ ಸೇರುತ್ತದೆ. ಗ್ರಾಚ್ಯುಟಿಯಲ್ಲಿ ಹಾಗಿಲ್ಲ, ಅಲ್ಲಿ ಹೊಸ ಕಂಪನಿಯಲ್ಲಿ ಸೊನ್ನೆಯಿಂದ ಶುರು.

ವರ್ಗಾವಣೆ ಸಿಕ್ಕಿಕೊಳ್ಳೋದು ಹೆಚ್ಚಾಗಿ ಮೂರು ಕಡೆ. ಆಧಾರ್‌ನಲ್ಲಿನ ಹೆಸರು, ಹುಟ್ಟಿದ ದಿನ ಪಿಎಫ್ ದಾಖಲೆಗೆ ಹೊಂದದಿರೋದು ಮೊದಲನೆಯದು. ಇದನ್ನು ಹಳೆಯ ಕಂಪನಿಯಲ್ಲಿ ಇರುವಾಗಲೇ ಸರಿಪಡಿಸಿ, ಬಿಟ್ಟ ಮೇಲೆ ಅವರ ಒಪ್ಪಿಗೆಗೆ ಅಲೆಯಬೇಕಾಗಬಹುದು. ಎರಡನೆಯದು ಕೆಲಸ ಬಿಟ್ಟ ದಿನಾಂಕ ನಮೂದಾಗದಿರೋದು. ಕಂಪನಿ ಹಾಕದಿದ್ದರೆ ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ಯುಎಎನ್ (ಪಿಎಫ್ ಸದಸ್ಯರ ಖಾಯಂ ಸಂಖ್ಯೆ) ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಆ ದಿನಾಂಕ ರಿಲೀವಿಂಗ್ ಲೆಟರ್‌ಗೆ ಹೊಂದಬೇಕು. ಎರಡು ಕಂಪನಿಗಳ ದಿನಾಂಕ ಒಂದರ ಮೇಲೊಂದು ಬಿದ್ದರೆ ಹಿನ್ನೆಲೆ ಪರಿಶೀಲನೆಯಲ್ಲಿ ‘ಎರಡು ಕಡೆ ಕೆಲಸ’ ಅಂತ ಕಾಣುತ್ತದೆ.

ಮೂರನೆಯದು ಪಿಂಚಣಿ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಸೇರಿದವರ ಪಿಎಫ್ ವೇತನ ಆಗಲೇ 15,000 ಮೀರಿದ್ದರೆ ಅವರು ಪಿಂಚಣಿ ಯೋಜನೆಯ ಸದಸ್ಯರಲ್ಲ, ಕಂಪನಿಯ 12% ಪೂರ್ತಿ ಪಿಎಫ್‌ಗೇ ಹೋಗಬೇಕು. ನಿಮ್ಮ ಪಾಸ್‌ಬುಕ್‌ನ ಪಿಂಚಣಿ ಕಾಲಮ್ ನೋಡಿ. ಅಲ್ಲಿ ಸೊನ್ನೆ ಇದ್ದರೆ, ಹೊಸ ಕಂಪನಿಯ ಘೋಷಣಾ ಪತ್ರದಲ್ಲಿ ‘ಹಿಂದೆ ಪಿಂಚಣಿ ಸದಸ್ಯರಾಗಿದ್ದಿರಾ’ ಎಂಬಲ್ಲಿ ‘ಇಲ್ಲ’ ಅಂತಲೇ ಬರೆಯಿರಿ. ಅವಸರದಲ್ಲಿ ‘ಹೌದು’ ಹಾಕಿದರೆ ತಿಂಗಳಿಗೆ 1,250 ತಪ್ಪು ಖಾತೆಗೆ ಹೋಗುತ್ತದೆ, ವರ್ಷಗಳಾದ ಮೇಲೆ ಕ್ಲೇಮ್ ತಿರಸ್ಕಾರವಾದಾಗಲೇ ಅದು ಗೊತ್ತಾಗೋದು.

ಕಾರ್ಮಿಕ ಕಾನೂನು ವಕೀಲರು

‘ಪ್ರತಿಸ್ಪರ್ಧಿಯನ್ನು ಸೇರಬಾರದು’ ಷರತ್ತಿಗೆ ಹೆದರಬೇಡಿ. ಕೆಲಸ ಬಿಟ್ಟ ನಂತರ ಉದ್ಯೋಗ ತಡೆಯುವ ಕರಾರು 1872ರ ಗುತ್ತಿಗೆ ಕಾಯ್ದೆಯ 27ನೇ ಕಲಮಿನಂತೆ ಅಸಿಂಧು. ಕೆಲಸದಲ್ಲಿ ಇರುವಷ್ಟು ದಿನ ಮಾತ್ರ ಅದು ನಿಲ್ಲುತ್ತದೆ, ನೋಟಿಸ್ ಅವಧಿಯೂ ಅದರೊಳಗೇ. ಹೊರಡುವ ಮುಂಚೆ ಹೊಸಬರಿಗೆ ಕೆಲಸ ಮಾಡಿಕೊಡೋದು, ಫೈಲ್ ನಕಲು ಮಾಡಿಕೊಳ್ಳೋದು ಬೇರೆಯೇ ವಿಷಯ. ಗೋಪ್ಯತೆಯ ಕರಾರು ಬಿಟ್ಟ ಮೇಲೂ ಬದುಕಿರುತ್ತದೆ, ಕಂಪನಿಗಳು ಕೇಸು ಗೆಲ್ಲೋದು ಅಲ್ಲಿ.

ತರಬೇತಿ ಬಾಂಡ್ ಇದೆಯೇ ನೋಡಿ. 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಬ್ಯಾಂಕೊಂದರ ಮೂರು ವರ್ಷ, 2 ಲಕ್ಷದ ಬಾಂಡನ್ನು ಎತ್ತಿಹಿಡಿದಿದೆ. ಹಾಗಾಗಿ ‘ಬಾಂಡ್ ಎಲ್ಲ ನಡೆಯಲ್ಲ’ ಎಂಬ ಮಾತು ನಂಬಬೇಡಿ. ನಿಮ್ಮನ್ನು ಬಲವಂತವಾಗಿ ಕೆಲಸಕ್ಕೆ ಇಟ್ಟುಕೊಳ್ಳಲು ಆಗೋದಿಲ್ಲ, ಹಣ ಕೇಳಬಹುದು.

ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ವೇತನ ಸಂಹಿತೆಯಂತೆ ರಾಜೀನಾಮೆ ಕೊಟ್ಟವರ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಸಿಗಬೇಕು. ಗ್ರಾಚ್ಯುಟಿಗೆ 30 ದಿನ. ‘ಫೈನಲ್ ಸೆಟಲ್‌ಮೆಂಟ್ 45 ದಿನ ಆಗುತ್ತೆ’ ಅಂತ ಹಳೆಯ ಅಭ್ಯಾಸದಂತೆ ಹೇಳಿದರೆ ಇದನ್ನು ಇಮೇಲ್‌ನಲ್ಲಿ ನೆನಪಿಸಿ.

ವಿಮೆಯ ಬಗ್ಗೆ

ಗುಂಪು ವಿಮೆ ಕೆಲಸದ ಕೊನೆಯ ದಿನವೇ ಮುಗಿಯುತ್ತದೆ. ಹೊಸ ಕಂಪನಿಯ ಪಾಲಿಸಿಯಲ್ಲಿ ತಂದೆ ತಾಯಿ ಸೇರುತ್ತಾರೆಯೇ, ಕಂತು ಯಾರದು, ಮೊದಲೇ ಇರುವ ಕಾಯಿಲೆಗೆ ಮೊದಲ ದಿನದಿಂದಲೇ ರಕ್ಷಣೆ ಇದೆಯೇ ಅಂತ ಬರಹದಲ್ಲಿ ಕೇಳಿ. ಇಲ್ಲ ಅಂದರೆ ಈಗಿನ ವಿಮಾ ಕಂಪನಿಯಲ್ಲೇ ಗುಂಪು ಪಾಲಿಸಿಯಿಂದ ವೈಯಕ್ತಿಕ ಪಾಲಿಸಿಗೆ ಬದಲಾಗಲು, ಇನ್ನೂ ಕೆಲಸದಲ್ಲಿರುವಾಗಲೇ ಅರ್ಜಿ ಹಾಕಿ. ಮೊದಲಿನ ಕಾಯಿಲೆಗಳ ರಕ್ಷಣೆಗೆ ಈಗಾಗಲೇ ಕಾದ ಅವಧಿಯ ಲಾಭ ಮುಂದುವರಿಯುತ್ತದೆ. ಹೊಸದಾಗಿ ಕೊಂಡರೆ ಮೊದಲಿನ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು.

ನೇಮಕಾತಿ ಮಾಡುವವರು

ಸಹಿ ಇರುವ ಆಫರ್, ಸಂಬಳದ ಬ್ರೇಕಪ್, ಸೇರುವ ದಿನಾಂಕ ಮೂರೂ ಕೈಗೆ ಬರುವವರೆಗೆ ರಾಜೀನಾಮೆ ಬೇಡ. ‘ಆಫರ್ ಲೆಟರ್ ಬರ್ತಾ ಇದೆ, ನೀವು ಪೇಪರ್ ಹಾಕಿ’ ಅಂತ ಫೋನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಯಾರ ಕೈಕೆಳಗೆ ಕೆಲಸ ಮಾಡ್ತೀರೋ ಅವರ ಜೊತೆ ಅರ್ಧ ಗಂಟೆ ಮಾತು ಕೇಳಿ ಪಡೆಯಿರಿ. ಈ ಹುದ್ದೆ ಯಾಕೆ ಖಾಲಿಯಾಯ್ತು, ಮೊದಲ ಆರು ತಿಂಗಳಲ್ಲಿ ಏನು ಮುಗಿಸಬೇಕು, ಪ್ರೊಬೇಷನ್‌ನಲ್ಲಿ ನೋಟಿಸ್ ಎಷ್ಟು? ಮೊದಲ ಪ್ರಶ್ನೆಗೆ ಎರಡು ಕಡೆಯಿಂದ ಬೇರೆ ಬೇರೆ ಉತ್ತರ ಬಂದರೆ ಅಲ್ಲೇ ಜಾಗ್ರತೆ ವಹಿಸಿ.

ರಾಜೀನಾಮೆ ಪತ್ರದಲ್ಲಿ ಕಾರಣದ ಪುರಾಣ ಬೇಡ. ಇಷ್ಟು ಸಾಕು: ‘ನನ್ನ ಹುದ್ದೆಗೆ ಇಂದು ರಾಜೀನಾಮೆ ನೀಡುತ್ತಿದ್ದೇನೆ. 90 ದಿನದ ನೋಟಿಸ್‌ನಂತೆ ನನ್ನ ಕೊನೆಯ ಕೆಲಸದ ದಿನ ಇಂಥದು. ದಯವಿಟ್ಟು ಲಿಖಿತವಾಗಿ ದೃಢಪಡಿಸಿ.’ ಮ್ಯಾನೇಜರ್‌ಗೆ ಕಳಿಸಿ, ಎಚ್‌ಆರ್‌ಗೂ ನಿಮ್ಮ ಖಾಸಗಿ ಇಮೇಲ್‌ಗೂ ಪ್ರತಿ ಹಾಕಿ. ಬಾಯಲ್ಲಿ ಹೇಳಿ ಎರಡು ವಾರ ಬಿಟ್ಟು ಮೇಲ್ ಮಾಡಿದರೆ ನೋಟಿಸ್ ಮೇಲ್ ಮಾಡಿದ ದಿನದಿಂದಲೇ ಶುರು.

ಈಗಿನವರು ಸಂಬಳ ಏರಿಸ್ತೀವಿ ಅಂದರೆ, ಪರಿಷ್ಕೃತ ಪತ್ರ ಯಾವ ದಿನ ಕೈಗೆ ಬರುತ್ತೆ ಅಂತ ಕೇಳಿ. ‘ಮುಂದಿನ ಅಪ್ರೈಸಲ್‌ನಲ್ಲಿ ನೋಡೋಣ’ ಅಂದರೆ ಅದು ಏರಿಕೆಯಲ್ಲ.

ಎಚ್‌ಆರ್‌ನಲ್ಲಿರುವವರು, ಮತ್ತೆ

ಒಂದು ಬಿಟ್ಟುಹೋಗಿತ್ತು. ವಾರ್ಷಿಕ ಬೋನಸ್ ಯಾವ ತಿಂಗಳು ಕೊಡ್ತಾರೆ ನೋಡಿಕೊಂಡು ರಾಜೀನಾಮೆ ಕೊಡಿ. ಬೋನಸ್ ಕೊಡುವ ದಿನ ನೋಟಿಸ್‌ನಲ್ಲಿ ಇರುವವರಿಗೆ ಇಲ್ಲ ಅಂತ ಬಹಳ ಪಾಲಿಸಿಗಳಲ್ಲಿ ಇರುತ್ತದೆ. ಮೇಲೆ ಅಂದಾಜು ಮಾಡಿದ 60,000ದಂಥ ವೇರಿಯಬಲ್ ಒಂದು ವಾರದ ಅವಸರಕ್ಕೆ ಹೋಗಬಾರದು. ಲ್ಯಾಪ್‌ಟಾಪ್ ವಾಪಸ್ ಕೊಡುವ ಹಿಂದಿನ ದಿನ ಪೋರ್ಟಲ್ ಮುಚ್ಚಿಬಿಡುತ್ತಾರೆ. ಎಲ್ಲ ತಿಂಗಳ ಪೇ ಸ್ಲಿಪ್, ವರ್ಷವಾರು ಟಿಡಿಎಸ್ ಪತ್ರಗಳು, ರಜೆಯ ಬಾಕಿ ತೋರಿಸುವ ಪುಟ, ಇಷ್ಟನ್ನು ರಾಜೀನಾಮೆ ಕೊಡುವ ವಾರವೇ ಇಳಿಸಿಕೊಳ್ಳಿ. ನಿಮ್ಮ ಸ್ವಂತ ಸಂಬಳದ ಕಾಗದ ಮಾತ್ರ, ಕಂಪನಿಯ ಬೇರೆ ಒಂದು ಹಾಳೆಯೂ ಬೇಡ.