ಮಗಳು ಪೆನ್ಸಿಲ್‌ನಲ್ಲಿ ಗೆರೆ ಎಳೆದ ಸಾಲು

ಸಂಜೆಓದು ಕೇಳಿದ್ದು:

ನನ್ನ ಮಗಳಿಗೆ 11 ವರ್ಷ. ಅವಳ ಜೀವದ ಗೆಳತಿ ಎಂಟು ತಿಂಗಳ ಹಿಂದೆ ಕಾಯಿಲೆಯಿಂದ ತೀರಿಕೊಂಡಳು. ಒಂದನೇ ಕ್ಲಾಸಿನಿಂದ ಇಬ್ಬರದೂ ಒಂದೇ ಬೆಂಚು. ಸುದ್ದಿ ಹೇಳಿದಾಗ ಇವಳು ಅಳಲಿಲ್ಲ. "ಹೌದಾ" ಅಂದಳು, ಸ್ವಲ್ಪ ಹೊತ್ತು ಗೋಡೆ ನೋಡಿದಳು, ಆಮೇಲೆ ಸೈಕಲ್ ತಗೊಂಡು ಆಚೆ ಹೋದಳು. ಇವತ್ತಿನವರೆಗೂ ಅತ್ತಿದ್ದು ನಾನು ನೋಡಿಲ್ಲ.

ಕಳೆದ ವಾರ ಶಾಲೆಯ ಲೈಬ್ರರಿಯಿಂದ ‘ಬ್ರಿಡ್ಜ್ ಟು ಟೆರಬಿಥಿಯಾ’ ತಂದಿದ್ದಳು. ಏನು ಕಥೆ ಅಂದರೆ "ಸುಮ್ನೆ, ಕಾಡಿನ ಕಥೆ" ಅಂದಳು. ಹೆಸರು ನೋಡಿ ನಾನೂ ರಾಜ, ರಾಕ್ಷಸ ಅಂತ ಏನೋ ಇರಬೇಕು ಅಂದುಕೊಂಡೆ. ಅವಳು ಮಲಗಿದ ಮೇಲೆ ಎರಡು ಪುಟ ನೋಡೋಣ ಅಂತ ತೆಗೆದವಳು ಮುಗಿಸುವಾಗ ರಾತ್ರಿ ಎರಡು ಗಂಟೆ.

ಗೊತ್ತಿಲ್ಲದವರಿಗೆ ಕಥೆ ಹೇಳುತ್ತೇನೆ. ಓದಬೇಕು ಅಂತಿರುವವರು ಈ ಪ್ಯಾರಾ ಬಿಟ್ಟುಬಿಡಿ. ವರ್ಜೀನಿಯಾದ ಹಳ್ಳಿಗಾಡು, ಜೆಸ್ ಅನ್ನೋ ಬಡವರ ಮನೆ ಹುಡುಗ. ಐದನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಜೋರಾಗಿ ಓಡಬೇಕು ಅಂತ ಬೇಸಿಗೆ ರಜೆಯಿಡೀ ಬೆಳಗ್ಗೆ ಬೇಗ ಎದ್ದು ಓಡಿರುತ್ತಾನೆ. ಪಕ್ಕದ ಮನೆಗೆ ಹೊಸದಾಗಿ ಬಂದ ಲೆಸ್ಲಿ ಅನ್ನೋ ಹುಡುಗಿ ಅವನನ್ನೂ ಸೇರಿಸಿ ಎಲ್ಲ ಹುಡುಗರನ್ನೂ ಹಿಂದೆ ಹಾಕಿಬಿಡುತ್ತಾಳೆ. ಆಮೇಲೆ ಇಬ್ಬರೂ ಬಿಡಲಾರದ ಗೆಳೆಯರು. ಹಗ್ಗ ಹಿಡಿದು ಹಳ್ಳ ಜೀಕಿ ದಾಟಿ, ಕಾಡಿನಲ್ಲಿ ತಮ್ಮದೇ ಒಂದು ರಾಜ್ಯ ಕಟ್ಟಿಕೊಳ್ಳುತ್ತಾರೆ. ಮಳೆ ಬಂದು ಹಳ್ಳ ತುಂಬಿರುವ ಒಂದು ದಿನ ಜೆಸ್ ತನ್ನ ಸಂಗೀತದ ಟೀಚರ್ ಜೊತೆ ವಾಷಿಂಗ್ಟನ್ನಿಗೆ ಹೋಗಿರುತ್ತಾನೆ, ಲೆಸ್ಲಿ ಒಬ್ಬಳೇ ಹಳ್ಳ ದಾಟಲು ಹೋಗುತ್ತಾಳೆ, ಹಗ್ಗ ಕಿತ್ತುಹೋಗುತ್ತದೆ.

ನನಗೆ ಎದೆ ಧಸಕ್ಕೆಂದಿದ್ದು ಆಮೇಲಿನ ಭಾಗಕ್ಕೆ. ಮಾರನೇ ದಿನ ಬೆಳಗ್ಗೆ ಆ ಹುಡುಗ ಕೂತು ಪ್ಯಾನ್‌ಕೇಕ್ ತಿನ್ನುತ್ತಾನೆ, ಇವನಿಗೆ ಅಳುವೂ ಬರಲ್ಲ ಅಂತ ಅವನಕ್ಕ ಚುಚ್ಚುತ್ತಾಳೆ. ಇಷ್ಟೇ ಅಲ್ಲ. ಈಗ ಐದನೇ ಕ್ಲಾಸಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡುವವನು ನಾನೇ ಅನ್ನುವ ಯೋಚನೆ ಅವನ ತಲೆಗೆ ಬರುತ್ತದೆ.

ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಇತ್ತು. ಲೈಬ್ರರಿ ಪುಸ್ತಕ ಅಲ್ವಾ, ಇನ್ಯಾರೋ ಎಳೆದಿರಬಹುದು ಅಂದುಕೊಂಡೆ. ಆದರೆ ಸ್ಕೇಲ್ ಇಟ್ಟು ಎಳೆದ ಗೆರೆ, ಎರಡೂ ತುದಿಗೆ ಒಂದೊಂದು ಪುಟ್ಟ ಸೊನ್ನೆ. ಹಾಗೆ ಎಳೆಯುವವಳು ನನ್ನ ಮಗಳೇ.

ಇದಕ್ಕೆ ಏನಂತ ಅರ್ಥ? ಈ ಹುಡುಗ ಕೆಟ್ಟವನು ಅಂತ ಎಳೆದಳಾ, ಅಥವಾ ಬೇರೆ ಏನಾದರೂ ಇದೆಯಾ? ನಾನು ನೋಡಿದೆ ಅಂತ ಅವಳಿಗೆ ಹೇಳಬೇಕಾ? ಈ ಪುಸ್ತಕ ಈಗ ಅವಳ ಕೈಗೆ ಸಿಗಬಾರದಿತ್ತಾ?

ಚಾಕ್‌ಪೀಸ್:

ಮೇಡಂ, ನಾನು ಮೇಷ್ಟ್ರು. ಗೆರೆಯ ಅರ್ಥ ನನಗೆ ಗೊತ್ತಿಲ್ಲ, ಅದನ್ನು ಅವಳೇ ಹೇಳಬೇಕು. ಆದರೆ "ಅಳಲಿಲ್ಲ, ಸೈಕಲ್ ತಗೊಂಡು ಹೋದಳು" ಅಂದಿರಲ್ಲ, ಅದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮಕ್ಕಳ ದುಃಖ ದೊಡ್ಡವರ ದುಃಖದ ಹಾಗೆ ಒಂದೇ ಸಮನೆ ಹರಿಯುವುದಿಲ್ಲ. ಮಳೆಗಾಲದಲ್ಲಿ ಗುಂಡಿಯ ನೀರಿಗೆ ಮಕ್ಕಳು ಹಾರುತ್ತಾವಲ್ಲ, ಹಾಗೆ ಅಂತ ಹೇಳುತ್ತಾರೆ: ಒಂದು ಕ್ಷಣ ಮೊಣಕಾಲುದ್ದ ನೀರಿನಲ್ಲಿ, ಮರುಕ್ಷಣ ಹೊರಗೆ ಒಣ ನೆಲದಲ್ಲಿ ಆಟ. ಮತ್ತೆ ಯಾವಾಗಲೋ ಒಳಗೆ. ಆ ಪ್ಯಾನ್‌ಕೇಕಿನ ಬೆಳಗು ಇದೇ. ಹೊಟ್ಟೆ ಹಸಿದಿತ್ತು, ತಿಂದ. ಅವಳು ಸತ್ತಿದ್ದಾಳೆ ಅನ್ನೋದು ಅವನೊಳಗೆ ಇನ್ನೂ ಇಳಿದೇ ಇರಲಿಲ್ಲ.

ಇನ್ನೊಂದು ಮಾತು. ಸತ್ತವರು ವಾಪಸ್ ಬರಲ್ಲ ಅನ್ನೋದು ಸಾಮಾನ್ಯವಾಗಿ ಐದರಿಂದ ಏಳು ವರ್ಷದೊಳಗೆ ಮಕ್ಕಳಿಗೆ ಗೊತ್ತಾಗುತ್ತದೆ, 11ರ ಹುಡುಗಿಗೆ ಅದನ್ನು ಹೇಳಿಕೊಡಬೇಕಿಲ್ಲ. ಆದರೆ "ನಾನು ಅವತ್ತು ಹಾಗೆ ಅಂದುಕೊಂಡಿದ್ದಕ್ಕೇ ಹೀಗಾಯ್ತಾ" ಅನ್ನೋ ಹುಳ ಈ ವಯಸ್ಸಿನಲ್ಲೂ ಕೊರೆಯುತ್ತಿರಬಹುದು. ಜೆಸ್‌ಗೂ ಅದೇ ಅಲ್ವಾ? ವಾಷಿಂಗ್ಟನ್ನಿಗೆ ಲೆಸ್ಲಿಯನ್ನೂ ಕರೆದುಕೊಂಡು ಹೋಗೋಣವಾ ಅಂತ ಟೀಚರನ್ನು ಕೇಳಬಹುದಿತ್ತು, ಕೇಳಲಿಲ್ಲ, ಟೀಚರ್ ಜೊತೆ ತಾನೊಬ್ಬನೇ ಹೋಗುವುದು ಅವನಿಗೆ ಒಳಗೊಳಗೇ ಖುಷಿಯಾಗಿತ್ತು. ಪುಸ್ತಕದ ಮುಳ್ಳು ಇರುವುದು ಅಲ್ಲಿ. ಒಂದು ಸಲ ಬಾಯಿಬಿಟ್ಟು ಹೇಳಿ ಅವಳಿಗೆ, ನೀನು ಮಾಡಿದ್ದರಿಂದ, ಅಂದಿದ್ದರಿಂದ, ಅಂದುಕೊಂಡಿದ್ದರಿಂದ ಅವಳು ಹೋಗಲಿಲ್ಲ ಅಂತ. ಕೇಳದಿದ್ದರೂ ಹೇಳಿ.

ಮುಳ್ಳುಹಂದಿ:

ಎಲ್ಲರೂ ಹೊಗಳುವ ಪುಸ್ತಕ, ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಜೀವ ತುಂಬಿ ತುಳುಕುವ ಹುಡುಗಿ ಸಾಯುತ್ತಾಳೆ, ಹೆದರುಪುಕ್ಕಲ ಹುಡುಗ ಅವಳಿಂದ ಧೈರ್ಯ ಕಲಿಯುತ್ತಾನೆ. ಅವಳು ಬಂದಿದ್ದೇ ಅವನಿಗೆ ಪಾಠ ಹೇಳಿ ಹೋಗಲು ಅನ್ನುವ ಹಾಗೆ. ಕೊನೆಯಲ್ಲಿ ಅವನು ಹಳ್ಳಕ್ಕೆ ಹಲಗೆಯ ಸೇತುವೆ ಹಾಕಿ ತಂಗಿ ಮೇ ಬೆಲ್‌ಳನ್ನು ಕರೆದುಕೊಂಡು ಹೋಗಿ ರಾಣಿ ಮಾಡುತ್ತಾನೆ. ಇಷ್ಟು ಬೇಗ? ಆ ಜಾಗಕ್ಕೆ ಇನ್ನೊಬ್ಬಳು ಬಂದರೆ ಮುಗಿಯಿತಾ? ನಿಜವಾಗಿ ಗೆಳತಿಯನ್ನು ಕಳೆದುಕೊಂಡ ಮಗು ಇದನ್ನು ಓದಿ "ನಾನಿನ್ನೂ ಯಾಕೆ ಸರಿಹೋಗಿಲ್ಲ" ಅಂದುಕೊಂಡರೆ?

ನಾನಾಗಿದ್ದರೆ ಮೊದಲು ‘ಷಾರ್ಲಟ್ಸ್ ವೆಬ್’ ಕೊಡುತ್ತಿದ್ದೆ. 1952ರ ಪುಸ್ತಕ, ಹಂದಿಮರಿ ಮತ್ತು ಜೇಡ. ಅಲ್ಲೂ ಗೆಳತಿ ಸಾಯುತ್ತಾಳೆ, ಅದೂ ಪಕ್ಕದಲ್ಲಿ ಯಾರೂ ಇಲ್ಲದಾಗ. ಆದರೆ ಅಲ್ಲಿ ಸಾವು ಮೊದಲೇ ಸುಳಿವು ಕೊಟ್ಟು ಬರುತ್ತದೆ, ಮಗು ಸಿದ್ಧವಾಗಿರುತ್ತದೆ.

ಕಡಲಕಾಗದ:

ಮುಳ್ಳುಹಂದಿ ಅವರೇ, ಸುಳಿವು ಕೊಡದೆ ಬರುವ ಸಾವೂ ಇದೆಯಲ್ಲ, ಅದರ ಪುಸ್ತಕ ಇದು. ಲೇಖಕಿ ಕ್ಯಾಥರೀನ್ ಪ್ಯಾಟರ್ಸನ್ ಅವರ ಮಗನ ಗೆಳತಿ 1974ರಲ್ಲಿ ಸಿಡಿಲು ಬಡಿದು ಸತ್ತಳು. ಎಂಟು ವರ್ಷದ ಹುಡುಗಿ. ಆ ಮಗನ ಗೋಳು ನೋಡಲಾರದೆ, ತನಗೂ ಅರ್ಥವಾಗದೆ ತಾಯಿ ಬರೆದದ್ದು ಇದು. 1977ರಲ್ಲಿ ಬಂತು, ಮರುವರ್ಷ ಅಮೆರಿಕದಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬೆರಿ ಪದಕ ಸಿಕ್ಕಿತು. ಆ ಹುಡುಗ ಬೆಳೆದು 2007ರ ಸಿನಿಮಾಕ್ಕೆ ಚಿತ್ರಕಥೆ ಬರೆಯುವವರಲ್ಲಿ ಒಬ್ಬನಾದ. (ಆ ಸಿನಿಮಾದ ಟ್ರೇಲರ್ ನೋಡಿ ಮಾಯಾಲೋಕದ ಸಾಹಸ ಅಂತ ಮಕ್ಕಳನ್ನು ಕರೆದುಕೊಂಡು ಹೋದವರ ಪಾಡು ಕೇಳಬೇಡಿ, ನಾನೂ ಅದರಲ್ಲಿ ಒಬ್ಬ.)

ಸೇತುವೆ ಬೇಗ ಬಂತು ಅನ್ನೋದು ನಿಜ, ಪುಟಗಳ ಲೆಕ್ಕದಲ್ಲಿ. ಆದರೆ ಅದಕ್ಕೂ ಮೊದಲು ಅವನು ಏನೇನು ಮಾಡುತ್ತಾನೆ ನೋಡಿ. ಅದೇ ತಂಗಿಗೆ ಹೊಡೆಯುತ್ತಾನೆ. ಲೆಸ್ಲಿ ಕೊಟ್ಟ ಬಣ್ಣದ ಪೆಟ್ಟಿಗೆಯನ್ನು ಹಳ್ಳಕ್ಕೆ ಎಸೆಯುತ್ತಾನೆ. ಅಲ್ಲಿಯವರೆಗೆ ಮಗನನ್ನು ಹತ್ತಿರ ಸೇರಿಸದ ಅಪ್ಪ ಹಿಂದೆಯೇ ಬಂದು ತೊಡೆ ಮೇಲೆ ಕೂರಿಸಿಕೊಳ್ಳುತ್ತಾನೆ. ಇನ್ನು ಆ ಸಿಡುಕು ಮೂತಿಯ ಮಿಸೆಸ್ ಮೈಯರ್ಸ್, ಇಬ್ಬರೂ ಸೇರಿ ವರ್ಷವಿಡೀ ಆಡಿಕೊಂಡು ನಕ್ಕಿದ್ದ ಟೀಚರ್, ಅವನನ್ನು ಆಚೆ ಕರೆದು, ತನ್ನ ಗಂಡ ಸತ್ತಾಗ ಜನ ಅಳಬೇಡ ಅಂದರು, ಮರೆಸಲು ನೋಡಿದರು, ನನಗೆ ಮರೆಯುವುದೇ ಬೇಕಿರಲಿಲ್ಲ ಅನ್ನುತ್ತಾಳಲ್ಲ, ಅದನ್ನು ಓದಿದರೆ ಇದು ಮರೆತು ಮುಂದೆ ಹೋಗು ಅನ್ನುವ ಪುಸ್ತಕ ಅಂತ ಹೇಗೆ ಹೇಳುತ್ತೀರಿ?

ಮುಳ್ಳುಹಂದಿ:

ಆ ಟೀಚರ್ ಭಾಗ ಮರೆತಿದ್ದೆ. ಒಪ್ಪಿದೆ. ರಾಣಿ ಕಿರೀಟದ ಬಗ್ಗೆ ತಕರಾರು ಇನ್ನೂ ಇದೆ.

ಹಳೆಚಪ್ಪಲಿ:

ಇಲ್ಲಿ ಸುಮ್ನೆ ಓದಿಕೊಂಡು ಹೋಗುವವನು ನಾನು, ಯಾವತ್ತೂ ಬರೆದಿಲ್ಲ. ನನಗೆ ಹತ್ತು ವರ್ಷ ಇದ್ದಾಗ ನನ್ನ ಗೆಳೆಯ ನೀರಿನಲ್ಲಿ ಮುಳುಗಿ ಹೋದ. ಮಾರನೇ ದಿನ ಶಾಲೆಗೆ ಹೋದರೆ ಎಲ್ಲರೂ ನನ್ನ ಸುತ್ತ. ದೊಡ್ಡ ಕ್ಲಾಸಿನ ಹುಡುಗರು ಬಂದು ಹೆಗಲ ಮೇಲೆ ಕೈ ಹಾಕಿದರು, ಹೋಂವರ್ಕ್ ಯಾರೂ ಕೇಳಲಿಲ್ಲ, ಹೆಡ್‌ಮಾಸ್ಟರ್ ನನ್ನ ಹೆಸರು ಹಿಡಿದು ಕರೆದರು. ನಾನು ದೊಡ್ಡ ಮನುಷ್ಯ ಆಗಿಬಿಟ್ಟಿದ್ದೆ. ಚೆನ್ನಾಗಿತ್ತು. ಹೌದು, ಚೆನ್ನಾಗಿತ್ತು ಅಂತಲೇ ಬರೆಯುತ್ತಿದ್ದೇನೆ. ಒಂದು ವಾರ ಆದ ಮೇಲೆ ಎಲ್ಲ ಮೊದಲಿನ ಹಾಗಾಯಿತು, ಆಗ ಅವನಿಲ್ಲದ್ದು ಗೊತ್ತಾಯಿತು, ಜೊತೆಗೆ ಆ ವಾರದ ಖುಷಿಯೂ ನೆನಪಾಗಿ ಮೈಯೆಲ್ಲ ಹೇಸಿಗೆ ಅನಿಸಿತು. ಮೂವತ್ತು ವರ್ಷ ಯಾರ ಹತ್ತಿರವೂ ಹೇಳಿರಲಿಲ್ಲ.

ಈ ಪುಸ್ತಕದಲ್ಲಿ ಆ ಯೋಚನೆಯೂ ಇದೆ. ಗೆಳತಿ ಸತ್ತದ್ದರಿಂದ ತಾನು ಮುಖ್ಯನಾದೆ ಅಂತ ಜೆಸ್‌ಗೆ ಅನಿಸುತ್ತದೆ. ನನ್ನ ಮಗನಿಗೆ ಓದಿ ಹೇಳುತ್ತಾ ಅಲ್ಲಿಗೆ ಬಂದಾಗ ಗಂಟಲು ಕಟ್ಟಿ ನಿಲ್ಲಿಸಿದೆ. ನೆಗಡಿ ಅಂದೆ. ಸಂಜೆಓದು ಅವರೇ, ನಿಮ್ಮ ಮಗಳು ಆ ಹುಡುಗ ಕೆಟ್ಟವನು ಅಂತ ಗೆರೆ ಎಳೆದಿರಲಿಕ್ಕಿಲ್ಲ ಅಂತ ನನಗನಿಸುತ್ತದೆ. ಕೆಟ್ಟವರ ಸಾಲಿಗೆ ಯಾರೂ ಸ್ಕೇಲ್ ಇಟ್ಟು ಗೆರೆ ಎಳೆಯಲ್ಲ.

ಸಂಜೆಓದು:

ಎಲ್ಲರಿಗೂ ಥ್ಯಾಂಕ್ಸ್. ಹಳೆಚಪ್ಪಲಿ ಅವರಿಗೆ ಜಾಸ್ತಿ.

ನಿನ್ನೆ ಒಗೆದ ಬಟ್ಟೆ ಮಡಿಸುತ್ತಾ ಕೂತಿದ್ದೆವು. ಮುಖ ನೋಡಿಕೊಂಡು ಕೇಳಿದರೆ ಬಾಯಿ ಬಿಡಲ್ಲ ಅಂತ ಗೊತ್ತು, ಅದಕ್ಕೇ ಬಟ್ಟೆ ನೋಡುತ್ತಲೇ, ನಿನ್ನ ಪುಸ್ತಕ ನಾನೂ ಓದಿದೆ, ಆ ಹುಡುಗನಿಗೆ ಓಟದ ನೆನಪು ಬಂದಿದ್ದು ತಪ್ಪು ಅಂತ ನನಗನಿಸಲಿಲ್ಲ ಅಂದೆ. ತುಂಬಾ ಹೊತ್ತು ಮಾತಿಲ್ಲ. ಒಂದೇ ಟವೆಲನ್ನು ಮೂರು ಸಲ ಮಡಿಸಿದಳು. ಆಮೇಲೆ, "ಕಿಟಕಿ ಪಕ್ಕ ಈಗ ದಿನಾ ನಾನೇ ಕೂರ್ತೀನಿ" ಅಂದಳು.

ಕಿಟಕಿ ಪಕ್ಕದ ಜಾಗಕ್ಕೆ ಅವರಿಬ್ಬರೂ ಒಂದನೇ ಕ್ಲಾಸಿನಿಂದ ಜಗಳ ಆಡಿದವರು. ಸೋಮವಾರ, ಬುಧವಾರ ಇವಳು, ಮಂಗಳವಾರ, ಗುರುವಾರ ಅವಳು, ಶುಕ್ರವಾರ ಯಾರು ಮೊದಲು ಬರುತ್ತಾರೋ ಅವರು. "ಮೊದಲನೇ ದಿನ ಖುಷಿ ಆಗಿತ್ತಮ್ಮ" ಅಂದಳು. ಮಂಗಳವಾರ ಕೂತುಕೊಳ್ಳುವಾಗ ಈಗಲೂ ಹೊಟ್ಟೆಯೊಳಗೆ ಏನೋ ಆಗುತ್ತದಂತೆ.

ಚಾಕ್‌ಪೀಸ್ ಸರ್ ಹೇಳಿದ್ದನ್ನು ಹೇಳಿದೆ, ಅಷ್ಟು ಚೆನ್ನಾಗಿ ಬರಲಿಲ್ಲ, ಅರ್ಧ ತೊದಲಿದೆ. ಅವಳು ಅತ್ತಳಾ ಅಂತ ಕೇಳಬೇಡಿ, ಇಲ್ಲ. ಅಪ್ಪಂಗೆ ಹೇಳ್ಬೇಡ ಅಂದಳು, ಸೈಕಲ್ ತಗೊಂಡು ಹೋದಳು. ಅತ್ತಿದ್ದು ನಾನು.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಗುರುವಾರ ಪುಸ್ತಕ ವಾಪಸ್ ಕೊಡಬೇಕು. ಆ ಗೆರೆ ಅಳಿಸಿ ಕೊಡಲಾ?

ರಬ್ಬರ್‌ಸ್ಟಾಂಪ್:

ಲೈಬ್ರರಿಯಲ್ಲಿ ಕೆಲಸ ಮಾಡುವವಳು ಹೇಳುತ್ತಿದ್ದೇನೆ, ನಿಯಮದ ಪ್ರಕಾರ ಅಳಿಸಬೇಕು. ಆದರೆ ನೀವು ಅಳಿಸಬೇಡಿ ಅಕ್ಕ, ಅವಳನ್ನೇ ಕೇಳಿ. ಪೆನ್ಸಿಲ್ ತಾನೇ. ಅವಳು ಬೇಡ ಅಂದರೆ ಹಾಗೇ ತಂದುಕೊಡಿ, ಪುಸ್ತಕ ವಾಪಸ್ ತಗೊಳ್ಳುವಾಗ ನಾವು ಒಳಗಿನ ಪುಟ ಎಲ್ಲಾ ತಿರುಗಿಸಿ ನೋಡುವುದಿಲ್ಲ.