ವರ್ಕ್ ಫ್ರಮ್ ಹೋಮ್ ಮಾಡುವವರು ಮನೆಯಿಂದ ಹೊರಗೆ ಹೋಗ್ಲಿಕ್ಕೆ ಮನಸ್ಸು ಹೇಗೆ ಮಾಡ್ತೀರಿ?

ಬಿಜೈ_ಬಾಲ್ಕನಿ

ನಮಸ್ಕಾರ ಎಲ್ಲರಿಗೂ. ನಾನು ಮಂಗಳೂರು, ಬಿಜೈ ಹತ್ರ ಫ್ಲ್ಯಾಟಲ್ಲಿ ಅಪ್ಪ ಅಮ್ಮನ ಜೊತೆ ಇರುದು. ಕಂಪೆನಿ ಬೆಂಗ್ಳೂರಲ್ಲಿ, ಕೆಲ್ಸ ಪೂರ್ತಿ ಮನೆಯಿಂದಲೇ. ಊರಲ್ಲಿ ಕೂತು ಕೆಲ್ಸ ಮಾಡ್ಲಿಕ್ಕೆ ಸಿಕ್ಕಿದ್ದು ದೊಡ್ಡ ವಿಷಯ ಅಂತ ಗೊತ್ತುಂಟು, ಅದರ ಬಗ್ಗೆ ಬೇಜಾರಿಲ್ಲ. ಆದ್ರೆ ಹೊರಗೆ ಹೋಗುದೇ ನಿಂತು ಹೋಗಿದೆ ಮಾರಾಯ್ರೆ. ತರಕಾರಿ ಸಾಮಾನು ಆ್ಯಪಲ್ಲಿ ಬರ್ತದೆ, ಮೀನು ಗೇಟಿನ ಹತ್ರಕ್ಕೆ ಗಾಡಿಯಲ್ಲಿ ಬರ್ತದೆ, ಶಾಲೆ ಕಾಲೇಜಿನ ಫ್ರೆಂಡ್ಸ್ ಅರ್ಧ ಜನ ಬೆಂಗ್ಳೂರು ಅರ್ಧ ಜನ ದುಬೈ ಮಸ್ಕತ್, ಬಾ ಅಂತ ಕರೆಯುವವರೂ ಇಲ್ಲ, ಹಾಗಾಗಿ ಬೆಳಿಗ್ಗೆ ಚಾ ಕುಡ್ದು ಲ್ಯಾಪ್‌ಟಾಪ್ ಹತ್ರ ಕೂತ್ರೆ ಮತ್ತೆ ಏಳುದು ಊಟಕ್ಕೆ, ಅದಾದ್ಮೇಲೆ ರಾತ್ರಿಗೆ.

ಪಣಂಬೂರು ಬೀಚ್‌ಗೆ ಸ್ಕೂಟರಲ್ಲಿ ಹೋದ್ರೆ ಸ್ವಲ್ಪ ಹೊತ್ತಿನ ದಾರಿ. ಊರಿಗೆ ಬರುವಾಗ ದಿನಾ ಸಂಜೆ ಸಮುದ್ರದ ಹತ್ರ ಹೋಗುದು ಅಂತ ಎಣಿಸಿದ್ದೆ. ಈಗ ಸಂಜೆ ಆದ ಕೂಡ್ಲೇ ಚಪ್ಪಲಿ ಹಾಕ್ಲಿಕ್ಕೇ ಮನಸ್ಸು ಬರುದಿಲ್ಲ, ನಾಳೆ ಹೋಗುವ ಅಂತ ಆಗ್ತದೆ. ಅಮ್ಮ ದಿನಾ ಹೇಳ್ತಾರೆ, ಸ್ವಲ್ಪ ಗಾಳಿಗಾದ್ರೂ ಹೋಗಿ ಬಾ ಅಂತ. ಕಾಯಿಲೆ ಅಂತ ಏನಿಲ್ಲ, ನಿದ್ರೆ ಊಟ ಎಲ್ಲ ಸರಿ ಉಂಟು, ಆದ್ರೆ ಮೀಟಿಂಗ್ ಬಿಟ್ಟು ಬೇರೆ ಕಡೆ ಜನರ ಹತ್ರ ಮಾತಾಡುವಾಗ ಮಾತೇ ಸಿಗುದಿಲ್ಲ ಅನ್ನಿಸ್ಲಿಕ್ಕೆ ಶುರುವಾಗಿದೆ, ಅದು ನಂಗೆ ನಿಜವಾಗಿ ಹೆದರಿಕೆ ಆಗುವ ವಿಷಯ. ನಿಮ್ಮಲ್ಲಿ ಯಾರಿಗಾದ್ರೂ ಹೀಗೆ ಆಗಿದ್ರೆ ಎಂತ ಮಾಡಿದ್ರಿ ಹೇಳಿ.

ಮಲ್ಪೆ_ಪಡುಗಾಳಿ

ನಾನು ಉಡುಪಿ ಕಡೆಯವ, ನಂದೂ ಇದೇ ಕಥೆ, ಅಕೌಂಟ್ಸ್ ಕೆಲ್ಸ, ಎಲ್ಲಾ ಆನ್‌ಲೈನ್. ನಿಮ್ಮ ಪ್ರಶ್ನೆಯಲ್ಲಿ ಮನಸ್ಸು ಹೇಗೆ ಮಾಡುದು ಅಂತ ಕೇಳಿದ್ರಲ್ಲ, ನನ್ನ ಅಭಿಪ್ರಾಯದಲ್ಲಿ ಮನಸ್ಸನ್ನು ಕಾಯ್ಲಿಕ್ಕೇ ಹೋಗ್ಬಾರ್ದು ಮಾರ್ರೆ. ಮೊದ್ಲು ಆಫೀಸಿಗೆ ಹೋಗುವಾಗ ಯಾವ ದಿನ ಆದ್ರೂ ಮನಸ್ಸು ಕೇಳಿ ಹೋಗಿದ್ದುಂಟಾ? ಬಸ್ಸು ಎಂಟೂಕಾಲಿಗೆ ಬರ್ತದೆ, ಬಿಟ್ರೆ ಮತ್ತೆ ನೇತಾಡಿಕೊಂಡು ಹೋಗ್ಬೇಕು, ಅಷ್ಟೇ ಕಾರಣ. ದಾರಿಯಲ್ಲಿ ನಾಲ್ಕು ಜನ ಸಿಗ್ತಿದ್ರು, ಕಂಡಕ್ಟರ್ ಹತ್ರ ಎರಡು ಮಾತು, ಹೋಟ್ಲಲ್ಲಿ ಚಾ, ಇದೆಲ್ಲ ನಾವು ಬೇಕು ಅಂತ ಮಾಡಿದ್ದಲ್ಲ, ಕೆಲ್ಸದ ಜೊತೆ ಬಂದದ್ದು. ಈಗ ಕೆಲ್ಸ ಮಾತ್ರ ಮನೆಗೆ ಬಂತು, ಜೊತೆಗಿದ್ದದ್ದು ಅಲ್ಲೇ ಉಳೀತು. ಹಾಗಾಗಿ ನಿಮ್ಮ ಇಚ್ಛಾಶಕ್ತಿ ಕಮ್ಮಿ ಆಗಿದೆ ಅಂತ ತಲೆ ಕೆಡಿಸ್ಕೊಳ್ಬೇಡಿ, ಹೊರಗೆ ಎಳೆಯುವ ಕಾರಣ ಕಮ್ಮಿ ಆಗಿದೆ, ಆ ಕಾರಣವನ್ನು ವಾಪಸ್ ತರ್ಬೇಕು.

ನಾನು ಮಾಡಿದ್ದು ಮೀನು. ಗಾಡಿ ಮೀನು ನಿಲ್ಲಿಸಿ ಬೆಳಿಗ್ಗೆ ಮಲ್ಪೆ ಬಂದರಿಗೇ ಹೋಗ್ಲಿಕ್ಕೆ ಶುರು ಮಾಡಿದೆ. ಬೋಟಿಂದ ಇಳಿಸಿ ಏಲಂ ಆಗುವಾಗ ನಿಂತು ನೋಡುದೇ ಒಂದು ಗಮ್ಮತ್ತು, ಬಂಗುಡೆ ಬೂತಾಯಿ ಯಾವುದು ಜಾಸ್ತಿ ಬಂದಿದೆ ಅಂತ ರೇಟು ಕೇಳಿದ್ರೇ ಗೊತ್ತಾಗ್ತದೆ, ಮಾರುವ ಅಕ್ಕಂದಿರಿಗೆ ಈಗ ನನ್ನ ಮುಖ ಪರಿಚಯ, ಹೋಗದಿದ್ರೆ ಎಂತ ಮೊನ್ನೆ ಕಾಣ್ಲಿಲ್ಲ ಅಂತ ಕೇಳ್ತಾರೆ. ಆ ಒಂದು ಮಾತಿಗೋಸ್ಕರವೇ ಎದ್ದು ಹೋಗ್ತೇನೆ ನಾನು. ನಿಮ್ಗೆ ಮಂಗಳೂರಲ್ಲಿ ಧಕ್ಕೆ, ಅಂದ್ರೆ ಮೀನಿನ ಬಂದರು, ಉಂಟಲ್ಲ, ಬೇಗ ಹೋದ್ರೆ ಒಳ್ಳೇ ಮೀನು, ತಡ ಆದ್ರೆ ಇಲ್ಲ, ಇಂಥದ್ದೇ ಬೇಕು ನಮ್ಮಂಥವ್ರಿಗೆ. ಜೂನ್ 1ರಿಂದ ಜುಲೈ 31ರವರೆಗೆ ಮಾತ್ರ ಯಾಂತ್ರೀಕೃತ ಬೋಟಿಗೆ ನಿಷೇಧ ಇರ್ತದೆ, ಆವಾಗ ಬಂದರು ಖಾಲಿ, ಬೇರೆ ಏನಾದ್ರೂ ನೋಡ್ಕೊಳ್ಬೇಕು.

ಕೊಟ್ಟಾರದ_ಅಕ್ಕ

ತಮ್ಮಾ, ನಾನು ಮನೆಯಿಂದ ಟ್ರಾನ್ಸ್‌ಲೇಶನ್ ಕೆಲ್ಸ ಮಾಡುದು, ಎರಡು ಮಕ್ಕಳು. ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ, ಆದ್ರೆ ಬೆಳಿಗ್ಗೆ ಧಕ್ಕೆಗೆ ಹೋಗುದು ಎಲ್ಲರಿಗೂ ಆಗುವ ವಿಷಯ ಅಲ್ಲ. ನಮ್ಮಂಥ ಹೆಂಗಸ್ರಿಗೆ ಆ ಹೊತ್ತು ಟಿಫಿನ್ನು, ಯೂನಿಫಾರ್ಮು, ರಿಕ್ಷಾ. ಯಾರಾದ್ರೂ ಹೆಂಗಸ್ರು ಇದನ್ನು ಓದ್ತಾ ಇದ್ರೆ ಅವ್ರಿಗೂ ಸೇರಿಸಿ ಹೇಳ್ತೇನೆ, ಮನೆಯಲ್ಲೇ ಇರ್ತಾಳಲ್ಲ ಅಂತ ಎಲ್ಲಾ ಕೆಲ್ಸ ನಮ್ಮ ಮೇಲೆ ಬಂದು ಬೀಳ್ತದೆ, ಹೊರಗೆ ಹೋಗುದು ಅಂದ್ರೆ ಪುರುಸೊತ್ತಿನ ಪ್ರಶ್ನೆ ಅಂತ ಎಲ್ರೂ ಎಣಿಸ್ತಾರೆ. ನಾನು ಮನೆಯವರ ಹತ್ರ ಕೂತು ಮಾತಾಡಿ ಸಂಜೆ ಐದೂವರೆಯಿಂದ ಆರೂವರೆ ನನ್ನ ಹೊತ್ತು, ಆ ಹೊತ್ತಲ್ಲಿ ಮಕ್ಕಳ ಜವಾಬ್ದಾರಿ ಅವ್ರದ್ದು ಅಂತ ಮಾಡಿದ್ದೇನೆ. ಕೇಳದೆ ಇದ್ರೆ ಯಾರೂ ಕೊಡುದಿಲ್ಲ.

ನಿಂಗೆ ನಾನು ಹೇಳುದು ಆ್ಯಪಲ್ಲಿ ತರಿಸುವುದರಲ್ಲಿ ಒಂದು ವಸ್ತು ನಿಲ್ಲಿಸು. ಎಲ್ಲಾ ಬೇಡ, ಒಂದೇ ಸಾಕು. ನಾನು ತರಕಾರಿ ನಿಲ್ಲಿಸಿದೆ. ಈಗ ನಡ್ಕೊಂಡು ಹೋಗಿ ತರುದು, ಬಸಳೆ ಕಟ್ಟು ಹಿಡ್ಕೊಂಡು ಬರುವಾಗ ದಾರಿಯಲ್ಲಿ ಯಾರಾದ್ರೂ ಮಾತಾಡಿಸಿಯೇ ಮಾತಾಡಿಸ್ತಾರೆ. ಮಾತು ಸಿಗುದಿಲ್ಲ ಅಂತ ಹೇಳಿದ್ದಿಯಲ್ಲ, ಅದಕ್ಕೆ ದೊಡ್ಡ ಗೆಳೆತನ ಎಲ್ಲ ಬೇಡ, ಬಸಳೆಗೆ ಎಷ್ಟು, ಇವತ್ತು ಸೆಕೆ ಜಾಸ್ತಿ ಅಲ್ವಾ, ಇಷ್ಟರಿಂದಲೇ ನಾಲಗೆ ಸಡಿಲ ಆಗ್ತದೆ.

ಬಿಜೈಯಿಂದ ಕದ್ರಿ ಹತ್ರವೇ ಉಂಟು. ಪಾರ್ಕಲ್ಲಿ ಒಂದೇ ಸುತ್ತು ಸುತ್ತುದು ಬೇಜಾರಾದ್ರೆ ಮಂಜುನಾಥ ದೇವಸ್ಥಾನದ ಕಡೆಯಿಂದ ಮೆಟ್ಟಿಲು ಹತ್ತಿ ಕೆರೆಗಳನ್ನು ನೋಡ್ಕೊಂಡು ಜೋಗಿ ಮಠದ ತನಕ ಹೋಗು, ಚೆನ್ನಾಗಿ ಬೆವರು ಬರ್ತದೆ. ಆ ದೇವಸ್ಥಾನದ ಲೋಕೇಶ್ವರನ ಕಂಚಿನ ಮೂರ್ತಿಯಲ್ಲಿ ಕ್ರಿ.ಶ. 968ರ ಶಾಸನ ಉಂಟು, ಸಾವಿರ ವರ್ಷದ ಹಿಂದಿನದ್ದು. ಇಷ್ಟು ಹತ್ರ ಇದ್ದುಕೊಂಡು ನೋಡದವರು ತುಂಬಾ ಜನ ಇದ್ದಾರೆ.

ಹಂಪನಕಟ್ಟೆ_ಕೋಡರ್

ಬ್ರೋ ಸಿಂಪಲ್, ಲ್ಯಾಪ್‌ಟಾಪ್ ಹಿಡ್ಕೊಂಡು ಕೆಫೆಗೆ ಹೋಗಿ ಕೆಲ್ಸ ಮಾಡಿ. ನಾನು ವಾರದಲ್ಲಿ ಎರಡು ದಿನ ಹಾಗೇ ಮಾಡುದು, ವೈಫೈ ಉಂಟು ಏಸಿ ಉಂಟು.

ಕೊಟ್ಟಾರದ_ಅಕ್ಕ

ಕೆಫೆ ಬೇಡ ಅಂತ ಅಲ್ಲ, ಆದ್ರೆ ಕಿವಿಗೆ ಇಯರ್‌ಫೋನ್ ಹಾಕಿ ಸ್ಕ್ರೀನ್ ನೋಡ್ತಾ ಕೂತ್ರೆ ರೂಮ್ ಬದಲಾದದ್ದು ಮಾತ್ರ ಆಯ್ತು. ಅವನಿಗೆ ಬೇಕಾದ್ದು ಜನ, ಗಾಳಿ, ಕಾಲಿಗೆ ಕೆಲ್ಸ.

ಮಣಿಪಾಲ_ಫಿಸಿಯೋ

ಒಂದೆರಡು ವಿಷಯ ನನ್ನ ಕಡೆಯಿಂದ, ಯಾಕಂದ್ರೆ ಕುತ್ತಿಗೆ ಸೊಂಟ ಹಿಡ್ಕೊಂಡು ಬರುವ ವರ್ಕ್ ಫ್ರಮ್ ಹೋಮ್ ಜನರನ್ನು ನಾನು ತುಂಬಾ ನೋಡ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುದು ವಾರಕ್ಕೆ ಕಮ್ಮಿ ಅಂದ್ರೂ 150 ನಿಮಿಷ ಸಾಧಾರಣ ವೇಗದ ವ್ಯಾಯಾಮ, ಬಿರುಸಾಗಿ ನಡೆಯುದು ಇದ್ರಲ್ಲಿ ಬರ್ತದೆ. 2010ರ ಸೂಚನೆಯಲ್ಲಿ ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಆಗ್ಬೇಕು ಅಂತ ಇತ್ತು, 2020ರಲ್ಲಿ ಆ ಷರತ್ತು ತೆಗೆದ್ರು. ಅಂದ್ರೆ ಐದು ನಿಮಿಷ ಕೆಳಗೆ ಇಳಿದು ರಸ್ತೆ ಕೊನೆ ತನಕ ಹೋಗಿ ಬಂದ್ರೂ ಲೆಕ್ಕಕ್ಕೆ ಉಂಟು. ಒಂದು ಗಂಟೆ ಸಿಗುದಿಲ್ಲ, ಹಾಗಾಗಿ ಹೋಗುದೇ ಬೇಡ ಅಂತ ಬಿಡುವವರೇ ಜಾಸ್ತಿ, ಅವ್ರಿಗೆ ಇದನ್ನು ಮುಖ್ಯವಾಗಿ ಹೇಳ್ತೇನೆ.

ಇನ್ನೊಂದು ಬೆಳಕು. ಮನೆಯೊಳಗೆ ಲೈಟ್ ಹಾಕಿ ಕೂತ್ರೆ ಸಿಗುದು ಕೆಲವು ನೂರು ಲಕ್ಸ್ (ಬೆಳಕಿನ ಅಳತೆ), ಮೋಡ ಇರುವ ದಿನ ಕೂಡ ಹೊರಗೆ ಸಾವಿರಗಟ್ಟಲೆ ಇರ್ತದೆ. ನಮ್ಮ ದೇಹಕ್ಕೆ ಹಗಲು ಯಾವುದು ರಾತ್ರಿ ಯಾವುದು ಅಂತ ಗೊತ್ತಾಗುದು ಮುಖ್ಯವಾಗಿ ಈ ಬೆಳಕಿಂದ, ಬೆಳಿಗ್ಗೆಯ ಬೆಳಕು ಸಿಕ್ಕಿದ್ರೆ ರಾತ್ರಿ ನಿದ್ರೆ ಸರಿಯಾದ ಹೊತ್ತಿಗೆ ಬರ್ತದೆ. ಹಾಗಾಗಿ ಬೆಳಗ್ಗಿನ ಚಾವನ್ನಾದ್ರೂ ಹೊರಗೆ ನಿಂತು ಕುಡೀರಿ, ಕಿಟಕಿ ಹಾಕಿದ ರೂಮಲ್ಲಿ ಬೇಡ.

ಮತ್ತೆ ಇದು ಗಂಭೀರವಾಗಿ ಹೇಳುದು: ಹೊರಗೆ ಹೋಗ್ಲಿಕ್ಕೆ ಉದಾಸೀನ ಆಗುದು ಬೇರೆ, ಮೊದ್ಲು ಇಷ್ಟ ಇದ್ದದ್ದು ಯಾವುದೂ ಬೇಡ ಅನ್ನಿಸುದು, ನಿದ್ರೆ ಕೆಡುದು, ಇದು ವಾರಗಟ್ಟಲೆ ಎಳೆಯುದು ಬೇರೆ. ಎರಡನೇದ್ದಾದ್ರೆ ವಾಕಿಂಗ್ ಸಲಹೆ ಸಾಕಾಗುದಿಲ್ಲ, ಡಾಕ್ಟ್ರಿಗೆ ತೋರಿಸ್ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಉಂಟು, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು. ನಿಮ್ಗೆ ಅಂತ ಅಲ್ಲ, ಓದುವವರಲ್ಲಿ ಯಾರಿಗಾದ್ರೂ ಬೇಕಾಗ್ಬಹುದು.

ಬಿಜೈ_ಬಾಲ್ಕನಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಜನ ಇಷ್ಟು ಉದ್ದ ಬರೀತೀರಿ ಅಂತ ಎಣಿಸಿರ್ಲಿಲ್ಲ. ಅಕ್ಕಾ, ತರಕಾರಿ ಐಡಿಯಾ ಅಮ್ಮನಿಗೆ ಹೇಳಿದೆ, ಅವ್ರಿಗೆ ಭಾರೀ ಖುಷಿ, ಲಿಸ್ಟ್ ಕೂಡ ರೆಡಿ. ನಂಗೆ ಎರಡು ತೊಂದ್ರೆ ಉಂಟು. ಒಂದು, ನನ್ನ ಟೀಮ್ ಅಮೆರಿಕದ್ದು, ಸಂಜೆ ಹೊತ್ತಿಗೇ ಕಾಲ್ ಶುರುವಾಗ್ತದೆ. ಇನ್ನೊಂದು, ಜೂನ್ ಬಂದ್ರೆ ನಮ್ಮಲ್ಲಿ ಮಳೆ ಹೇಗೆ ಅಂತ ಗೊತ್ತಲ್ಲ, ನಾಲ್ಕು ತಿಂಗ್ಳು ಏನು ಶುರು ಮಾಡಿದ್ರೂ ಅಲ್ಲಿಗೇ ನಿಲ್ತದೆ.

ಸುರತ್ಕಲ್_ಲೈಟ್‌ಹೌಸ್

ಅಮೆರಿಕ ಟೀಮಿನ ವಿಷಯ ನಂಗೆ ಬಿಡಿ, ಸುಮಾರು ವರ್ಷದಿಂದ ಇದೇ ಬದುಕು. ಮೊದ್ಲು ಕ್ಯಾಲೆಂಡರ್ ನೋಡಿ. ಅವರ ಈಸ್ಟ್ ಕೋಸ್ಟಿನ ಬೆಳಿಗ್ಗೆ 9 ಅಂದ್ರೆ ಮಾರ್ಚ್ ಎರಡನೇ ಆದಿತ್ಯವಾರದಿಂದ ನಮ್ಗೆ ಸಂಜೆ 6:30, ನವೆಂಬರ್ ಮೊದಲ ಆದಿತ್ಯವಾರ ಅವ್ರು ಗಡಿಯಾರ ಹಿಂದೆ ಮಾಡಿದ್ಮೇಲೆ 7:30. ನಮ್ಮ ಕರಾವಳಿಯಲ್ಲಿ ನವೆಂಬರಲ್ಲಿ ಸೂರ್ಯ ಮುಳುಗುದು ಆರು ಗಂಟೆ ಹೊತ್ತಿಗೆ, ಜೂನ್ ಕೊನೆಯಲ್ಲಿ ಏಳರ ಹತ್ರ. ಅಂದ್ರೆ ನವೆಂಬರಿಂದ ಮಾರ್ಚ್ ತನಕ, ಮಳೆಯೂ ಇಲ್ಲದ ಕಾಲದಲ್ಲಿ, ಸೂರ್ಯ ಮುಳುಗುದನ್ನು ಪೂರ್ತಿ ನೋಡಿ, ಕಾಲಿನ ಮರಳು ತೊಳ್ದು, ಮನೆಗೆ ಬಂದು ಲಾಗಿನ್ ಆಗ್ಲಿಕ್ಕೆ ಆರಾಮದಲ್ಲಿ ಟೈಮ್ ಉಂಟು. ಆ ತಿಂಗಳುಗಳನ್ನು ಸಂಜೆಗೆ ಇಟ್ಕೊಳ್ಳಿ, ಉಳಿದ ಕಾಲಕ್ಕೆ ಬೆಳಿಗ್ಗೆ. ವರ್ಷ ಪೂರ್ತಿ ಒಂದೇ ಟೈಮ್‌ಟೇಬಲ್ ಇಡ್ಲಿಕ್ಕೆ ಹೋದ್ರೆ ಅದು ಮುರಿದೇ ಮುರೀತದೆ, ಮುರಿದ್ಮೇಲೆ ಮತ್ತೆ ಶುರು ಮಾಡುದು ಕಷ್ಟ.

ಮತ್ತೆ ಆಫೀಸ್ ಕ್ಯಾಲೆಂಡರಲ್ಲಿ ಆ ಹೊತ್ತನ್ನು ಬ್ಲಾಕ್ ಮಾಡಿ, ಹೆಸ್ರು ಎಂತ ಬೇಕಾದ್ರೂ ಹಾಕಿ. ಖಾಲಿ ಕಂಡ್ರೆ ಯಾರಾದ್ರೂ ಮೀಟಿಂಗ್ ತುಂಬಿಸಿಯೇ ತುಂಬಿಸ್ತಾರೆ.

ವಾರದ ಕೊನೆಗೆ ಒಂದು ಸಲ ಸುಲ್ತಾನ್ ಬತ್ತೇರಿ ಕಡೆ ಹೋಗಿ ನೋಡಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜು, ಮೇಲೆ ಹತ್ತಿ ನಿಂತ್ರೆ ಗುರುಪುರ ನದಿ ಕಾಣ್ತದೆ, ಅಲ್ಲಿಂದಲೇ ದೋಣಿಯಲ್ಲಿ ದಾಟಿದ್ರೆ ತಣ್ಣೀರುಬಾವಿ ಬೀಚು. ಸ್ಕೂಟರಲ್ಲಿ ಸುತ್ತು ಹಾಕಿ ಹೋಗುದಕ್ಕಿಂತ ದೋಣಿಯಲ್ಲಿ ಹೋಗುದೇ ನಂಗೆ ಇಷ್ಟ, ಜನರ ಜೊತೆ ಕಾಯ್ಬೇಕು, ಪಕ್ಕ ಕೂತವರು ಯಾರು ಅಂತ ನೋಡ್ಬೇಕು, ಅದು ಬೇಕು ನಮ್ಗೆ.

ಚಂಡೆಪೆಟ್ಟು_ಉಡುಪಿ

ಮಳೆಗಾಲದ್ದು ನಾನು ಹೇಳ್ತೇನೆ. ಮಳೆಗೆ ಎಲ್ಲಾ ನಿಲ್ತದೆ ಅಂತ ಎಣಿಸ್ಬೇಡಿ, ನಮ್ಮ ಊರಿನ ಹಿರಿಯರು ಮಳೆಗಾಲಕ್ಕೇ ಅಂತ ಬೇರೆ ಏರ್ಪಾಡು ಮಾಡಿಟ್ಟಿದ್ದಾರೆ. ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗೀತದೆ, ಅಂದ್ರೆ ಮೇ ತಿಂಗಳ ಕೊನೆ ವಾರ. ಅದಾದ್ಮೇಲೆ ತಾಳಮದ್ದಳೆಯ ಕಾಲ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಹಾಡುದು, ಅರ್ಥಧಾರಿಗಳು ಕೂತು ಮಾತಲ್ಲೇ ಕಥೆ ಕಟ್ಟುದು, ಎಲ್ಲಾ ಸೂರಿನಡಿಯಲ್ಲಿ. ಹೊರಗೆ ಧೋ ಅಂತ ಮಳೆ, ಒಳಗೆ ಕರ್ಣನೂ ಶಲ್ಯನೂ ಜಗಳಕ್ಕೆ ನಿಂತಿರ್ತಾರೆ. ಹೆಚ್ಚಿನ ಕಡೆ ಟಿಕೆಟ್ಟಿಲ್ಲ, ದೇವಸ್ಥಾನದ ಸಭಾಭವನ, ಊರಿನ ಸಂಘ, ಯಾರು ಹೋದ್ರೂ ಚಾ ತಿಂಡಿ ಉಂಟು. ಮಾತು ಸಿಗುದಿಲ್ಲ ಅಂತ ಬರ್ದಿದ್ರಲ್ಲ, ಅದನ್ನು ಓದಿಯೇ ನಂಗೆ ಇದು ನೆನಪಾದದ್ದು. ಮಾತನ್ನೇ ಕಲೆ ಮಾಡಿದವರ ಮುಂದೆ ಎರಡು ಗಂಟೆ ಕೂತು ಬನ್ನಿ, ವಾಪಸ್ ಬರುವಾಗ ಪಕ್ಕದಲ್ಲಿ ಕೂತ ಅಜ್ಜರ ಹತ್ರ ಇವತ್ತು ಶಲ್ಯ ಹೇಳಿದ್ದು ಸರಿಯಾ ಅಂತ ನೀವೇ ಕೇಳ್ತೀರಿ, ನಾನು ಹಾಗೆ ಕೇಳಿಯೇ ಪರಿಚಯ ಮಾಡ್ಕೊಂಡವ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗ್ಬೇಕು ಅಂತಿದ್ರೆ ಕಲೀಲಿಕ್ಕೆ ಸೇರಿ. ಚಂಡೆ, ಮದ್ದಳೆ, ಹೆಜ್ಜೆ, ಭಾಗವತಿಕೆ, ವಾರಕ್ಕೊಂದು ದಿನ ಕ್ಲಾಸ್ ನಡೆಸುವ ಸಂಘಗಳು ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯಲ್ಲಿ ಉಂಟು, ದೊಡ್ಡವರನ್ನೂ ಸೇರಿಸ್ಕೊಳ್ತಾರೆ. ಒಬ್ಬನೇ ವಾಕಿಂಗ್ ಹೋಗುದು ತಪ್ಪಿದ್ರೆ ಯಾರೂ ಕೇಳುದಿಲ್ಲ, ಕ್ಲಾಸ್ ತಪ್ಪಿಸಿದ್ರೆ ಗುರುಗಳು ಫೋನ್ ಮಾಡ್ತಾರೆ. ಯಕ್ಷಗಾನ ಇಷ್ಟ ಇಲ್ಲದಿದ್ರೆ ಶಟಲ್, ಕೇರಂ, ಲೈಬ್ರರಿ, ಚರ್ಚಿನ ಗಾಯನ ತಂಡ, ಯಾವುದಾದ್ರೂ ಆಗ್ಲಿ, ಆದ್ರೆ ಬರ್ಲಿಲ್ಲ ಅಂತ ಕೇಳುವ ಒಬ್ಬ ಮನುಷ್ಯ ಅಲ್ಲಿ ಇರ್ಬೇಕು.

ಮಳೆಗೆ ಬೀಚ್ ಕಡೆ ಮಾತ್ರ ಬೇಡ. ಜೂನಿಂದ ಕಡಲು ಅಬ್ಬರ ಇರ್ತದೆ, ನೀರಿಗೆ ಇಳೀಲೇಬಾರ್ದು.

ಬಿಜೈ_ಬಾಲ್ಕನಿ

ತಾಳಮದ್ದಳೆ ಅಜ್ಜನ ಜೊತೆ ಸಣ್ಣದಿರುವಾಗ ಹೋಗಿದ್ದೆ, ಈಗಲೂ ನಡೀತದೆ ಅಂತ ಗೊತ್ತಿತ್ತು ಆದ್ರೆ ನಾನು ಹೋಗ್ಬಹುದು ಅಂತ ತಲೆಗೆ ಬಂದಿರ್ಲಿಲ್ಲ. ಬಿಜೈ ಕದ್ರಿ ಕಡೆ ಬೆಳಿಗ್ಗೆ ನಡೆಯುವವರು ಯಾರಾದ್ರೂ ಇದ್ದೀರಾ? ಒಬ್ಬರು ಇದ್ರೆ ಸಾಕು, ನಾನು ಏಳ್ತೇನೆ.

ಹಂಪನಕಟ್ಟೆ_ಕೋಡರ್

ನಾನಿದ್ದೇನೆ ಬ್ರೋ. ಅಕ್ಕ ಹೇಳಿದ್ದು ಓದಿ ನಂಗೂ ಹೌದು ಅನ್ನಿಸ್ತು. ಸೋಮವಾರ ಆರೂಮುಕ್ಕಾಲಿಗೆ ಕದ್ರಿ ಪಾರ್ಕ್ ಗೇಟ್ ಹತ್ರ ಇರ್ತೇನೆ, ನೀಲಿ ಕೊಡೆ. ಮೆಟ್ಟಿಲು ದಾರಿಯಲ್ಲೇ ಹೋಗುವ, ಇಳಿದ್ಮೇಲೆ ಬನ್ಸ್ ನನ್ನ ಲೆಕ್ಕ.

ಕೊಟ್ಟಾರದ_ಅಕ್ಕ

ಮೆಟ್ಟಿಲು ಮಳೆಗೆ ಪಾಚಿ ಹಿಡ್ದು ಜಾರ್ತದೆ ಮಕ್ಕಳೇ, ಚಪ್ಪಲಿ ಹಿಡಿತ ಇರುವಂಥದ್ದು ಹಾಕ್ಕೊಂಡು ಹೋಗಿ.